ವಿಂಡೋ ಮುಚ್ಚಿದರೂ ಮೆಮೊರಿ ಯಾಕೆ ಇಳಿಯಲ್ಲ? ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಮುಖ್ಯವಾಗಿ ಜಾವಾದ ಸ್ವಿಂಗ್‌ನಲ್ಲಿ (ವಿಂಡೋ, ಬಟನ್ ಮಾಡುವ ಲೈಬ್ರರಿ) ಬರೆದ ಡೆಸ್ಕ್‌ಟಾಪ್ ಪ್ರೋಗ್ರಾಂಗಳ ವಿಷಯ ಇದೆ. ಆಂಡ್ರಾಯ್ಡ್ ಮತ್ತು ವಿಂಡೋ ಮಾಡುವ ಬೇರೆ ಲೈಬ್ರರಿಗಳಾದ ಡಬ್ಲ್ಯೂಪಿಎಫ್, ಪೈಕ್ಯೂಟಿ ಕಡೆಯ ಮಾತು ಕೊನೆಯ ಭಾಗದಲ್ಲಿ ಬರುತ್ತದೆ. ಉದಾಹರಣೆಗೆ ಎಲ್ಲ ಕಡೆ ಒಂದೇ ಪ್ರೋಗ್ರಾಂ ಇಟ್ಟುಕೊಳ್ಳೋಣ, ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂ. ಗಿರಾಕಿ ಬಂದಾಗಲೆಲ್ಲ ಒಂದು ಬಿಲ್‌ವಿಂಡೋ ತೆರೆಯುತ್ತದೆ, ದುಡ್ಡು ತಗೊಂಡಮೇಲೆ ಮುಚ್ಚುತ್ತದೆ. ಎಲ್ಲ ವಿಂಡೋಗಳೂ ಒಂದೇ ದರಪಟ್ಟಿಯನ್ನು ನೋಡುತ್ತಿರುತ್ತವೆ. ಬೆಳಿಗ್ಗೆ ಚುರುಕಾಗಿದ್ದ ಪ್ರೋಗ್ರಾಂ ಸಂಜೆ ಹೊತ್ತಿಗೆ ತೆವಳುತ್ತದೆ, ಒಂದೊಂದು ದಿನ ಔಟ್ ಆಫ್ ಮೆಮೊರಿ ಅಂತ ಹೇಳಿ ಬಿದ್ದೇ ಹೋಗುತ್ತದೆ.

ಗಾರ್ಬೇಜ್ ಕಲೆಕ್ಟರ್ ಇದೆಯಲ್ಲ, ಮತ್ತೆ ಲೀಕ್ ಹೇಗೆ ಆಗುತ್ತೆ?

ಲೀಕ್ ಅಂದರೆ ಬೇಡವಾದ ಮೇಲೂ ಮೆಮೊರಿ ಬಿಡುಗಡೆ ಆಗದೆ ಉಳಿಯುವುದು. ಗಾರ್ಬೇಜ್ ಕಲೆಕ್ಟರ್ ಅಂದರೆ ಬೇಡವಾದ ಮೆಮೊರಿಯನ್ನು ತಾನೇ ಖಾಲಿ ಮಾಡುವ ಜಾವಾದ ಭಾಗ, ಆ ಕೆಲಸಕ್ಕೆ ಜಿಸಿ ಅನ್ನುತ್ತಾರೆ. ಯಾರ ಕೈಗೂ ಸಿಗದ ಆಬ್ಜೆಕ್ಟ್‌ಗಳನ್ನು ಮಾತ್ರ ಅದು ಎತ್ತಿಹಾಕುತ್ತದೆ. ಹುಡುಕಾಟ ಶುರುವಾಗುವುದು ರೂಟ್‌ಗಳಿಂದ. ಓಡುತ್ತಿರುವ ಥ್ರೆಡ್‌ಗಳು, ಅವುಗಳ ಸ್ಟ್ಯಾಕ್‌ನಲ್ಲಿರುವ ವೇರಿಯೇಬಲ್‌ಗಳು, ಲೋಡ್ ಆದ ಕ್ಲಾಸ್‌ಗಳ ಸ್ಟ್ಯಾಟಿಕ್ ಫೀಲ್ಡ್‌ಗಳು, ಇಂಥವು. ಅಲ್ಲಿಂದ ರೆಫರೆನ್ಸ್ (ಒಂದು ಆಬ್ಜೆಕ್ಟ್ ಇನ್ನೊಂದನ್ನು ಹಿಡಿದಿರುವ ಕೊಂಡಿ) ಹಿಡಿದು ಹೋದರೆ ಎಷ್ಟು ದೂರವಾದರೂ ಸರಿ, ನಿಮ್ಮ ಬಿಲ್‌ವಿಂಡೋ ಸಿಕ್ಕಿತು ಅಂದರೆ ಅದು ಉಳಿಯುತ್ತದೆ. ವಿಂಡೋ ಪರದೆ ಮೇಲೆ ಕಾಣುತ್ತಿದೆಯಾ, ಬಳಸುವವರು ಅದನ್ನು ಮುಚ್ಚಿ ಎಷ್ಟು ಹೊತ್ತಾಯಿತು, ಇದ್ಯಾವುದೂ ಕಲೆಕ್ಟರ್‌ಗೆ ಗೊತ್ತಿಲ್ಲ. ಅದಕ್ಕೆ ಕಾಣುವುದು ರೆಫರೆನ್ಸ್ ಮಾತ್ರ. ಹಾಗಾಗಿ ಇಂಥ ಲೀಕ್ ಹುಡುಕುವುದು ಅಂದರೆ ಒಂದೇ ಕೆಲಸ: ಸತ್ತಿರಬೇಕಾದ ವಿಂಡೋವನ್ನು ಯಾರು ಇನ್ನೂ ಹಿಡಿದುಕೊಂಡಿದ್ದಾರೆ ಅಂತ ಪತ್ತೆ ಮಾಡುವುದು.

ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಏರುತ್ತಲೇ ಇದೆ. ಲೀಕ್ ಅಂತ ಹೇಳಬಹುದಾ?

ಆ ಅಂಕಿ ನೋಡಿ ತೀರ್ಮಾನ ಮಾಡಬೇಡಿ. ಜಾವಾ ಪ್ರೋಗ್ರಾಂ ಓಡಿಸುವ ಜೆವಿಎಂ ಒಮ್ಮೆ ಆಪರೇಟಿಂಗ್ ಸಿಸ್ಟಂನಿಂದ ತೆಗೆದುಕೊಂಡ ಜಾಗವನ್ನು, ಒಳಗೆ ಖಾಲಿ ಆದರೂ, ತಕ್ಷಣ ವಾಪಸ್ ಕೊಡುವುದಿಲ್ಲ. ಡೀಫಾಲ್ಟ್ ಕಲೆಕ್ಟರ್ ಆದ ಜಿ1ಗೆ, ಪ್ರೋಗ್ರಾಂ ಸುಮ್ನೆ ಕೂತಿರುವಾಗ ಜಾಗ ವಾಪಸ್ ಕೊಡುವ ಸೌಲಭ್ಯ ಬಂದದ್ದೇ ಜೆಡಿಕೆ (ಜಾವಾದ ಡೆವಲಪರ್ ಕಿಟ್) 12ರಲ್ಲಿ. ಅದನ್ನೂ ನಾವೇ ಸೆಟ್ಟಿಂಗ್ ಹಾಕಿ ಆನ್ ಮಾಡಿಕೊಳ್ಳಬೇಕು.

ವಿಷುವಲ್‌ವಿಎಂ ಅನ್ನುವ ಟೂಲ್ ತೆರೆದು ಹೀಪ್ (ಆಬ್ಜೆಕ್ಟ್‌ಗಳು ಇರುವ ಮೆಮೊರಿ) ಗ್ರಾಫ್ ನೋಡಿ. ಗ್ರಾಫ್ ಗರಗಸದ ಹಲ್ಲಿನ ಥರ ಏರಿ ಇಳಿದು ಮಾಡುವುದು ಸಹಜ, ಅದಕ್ಕೆ ಗಾಬರಿ ಬೇಡ. ನೋಡಬೇಕಾದದ್ದು ಇಳಿದಾಗಿನ ತಳ. ಒಂದೇ ಥರದ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾ ಹೋದಾಗ, ಪೂರ್ತಿ ಜಿಸಿ ಆದಮೇಲೂ ತಳ ಪ್ರತಿ ಸಲ ಸ್ವಲ್ಪ ಮೇಲೆ ನಿಲ್ಲುತ್ತಿದೆ ಅಂದರೆ ಅನುಮಾನ ಪಡಿ. ವಿಷುವಲ್‌ವಿಎಂ ಜೆಡಿಕೆ 8ರವರೆಗೆ ಜೊತೆಯಲ್ಲೇ ಬರುತ್ತಿತ್ತು, 9ರಿಂದ ಬೇರೆಯಾಗಿ ಇಳಿಸಿಕೊಳ್ಳಬೇಕು.

ಈಗಿನ ಮಷೀನ್‌ಗಳಲ್ಲಿ ಮೆಮೊರಿ ಬೇಕಾದಷ್ಟಿದೆ. ಒಂದೆರಡು ಎಂಬಿ ಸೋರಿದರೆ ಏನಾಯ್ತು?

ಮೆಮೊರಿಗಿಂತ ಮೊದಲು ಕೈಕೊಡುವುದು ವೇಗ. ನೂರು ಬಿಲ್‌ವಿಂಡೋ ಮುಚ್ಚಿದ್ದೀರಿ, ನೂರೂ ದರಪಟ್ಟಿಯ ಲಿಸನರ್ ಪಟ್ಟಿಯಲ್ಲಿ (ಬದಲಾವಣೆ ಆದಾಗ ಸುದ್ದಿ ಕೇಳುವವರ ಪಟ್ಟಿ) ಉಳಿದಿವೆ ಅಂದುಕೊಳ್ಳಿ. ಈರುಳ್ಳಿ ಬೆಲೆ ಬದಲಾಯಿಸಿದ ಕೂಡಲೇ ಆ ನೂರು ವಿಂಡೋಗಳಿಗೂ ಸುದ್ದಿ ಹೋಗುತ್ತದೆ. ಪ್ರತಿಯೊಂದೂ ತನ್ನ ಟೇಬಲ್ ಮತ್ತೆ ತುಂಬಿಸಿಕೊಂಡು ಮೊತ್ತ ಲೆಕ್ಕ ಹಾಕುತ್ತದೆ, ಅದೂ ಬಟನ್ ಒತ್ತಿದ್ದಕ್ಕೆ ಉತ್ತರ ಕೊಡಬೇಕಾದ ಅದೇ ಇವೆಂಟ್ ಥ್ರೆಡ್ ಮೇಲೆ. ಸಂಜೆ ಹೊತ್ತಿಗೆ ಪ್ರೋಗ್ರಾಂ ತೆವಳುವುದು ಇದರಿಂದ. ಇನ್ನೂ ಕೆಟ್ಟದ್ದು ಏನೆಂದರೆ, ಮುಚ್ಚಿದ ವಿಂಡೋದಲ್ಲಿ "ಬೆಲೆ ಬದಲಾಗಿದೆ, ಸೇವ್ ಮಾಡಲಾ?" ಅಂತ ಕೇಳುವ ಕೋಡ್ ಇದ್ದರೆ, ಒಂದೇ ಪ್ರಶ್ನೆ ಮೂರು ನಾಲ್ಕು ಸಲ ಮೇಲೆದ್ದು ಬರುತ್ತದೆ. "ಡೈಲಾಗ್ ಎರಡೆರಡು ಸಲ ಬರುತ್ತೆ" ಅನ್ನುವ ದೂರು ಬಂದಾಗ ನಾನು ಮೊದಲು ನೋಡುವುದೇ ಲಿಸನರ್ ಪಟ್ಟಿಯನ್ನು.

ಎಂಬಿ ಲೆಕ್ಕವೂ ಸಣ್ಣದಲ್ಲ. 1920×1080 ಅಳತೆಯ ಒಂದು ಚಿತ್ರ, ಒಂದು ಪಿಕ್ಸೆಲ್‌ಗೆ 4 ಬೈಟ್‌ನಂತೆ, ಸುಮಾರು 8 ಎಂಬಿ ಆಗುತ್ತದೆ. ವಿಂಡೋ ಒಂದು ಅಂಥ ಚಿತ್ರ ಇಟ್ಟುಕೊಂಡಿದ್ದರೆ ನೂರು ಸಲಕ್ಕೆ 800 ಎಂಬಿ ಹೋಯಿತು.

ಲೀಕ್ ಇದೆ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ?

ಎಣಿಸಿ. ಅನುಮಾನ ಇರುವ ವಿಂಡೋವನ್ನು ಹತ್ತು ಸಲ ತೆರೆದು ಮುಚ್ಚಿ. ಆಮೇಲೆ ಜೆಡಿಕೆ ಜೊತೆ ಬರುವ ಜೆಸಿಎಂಡಿ ಕಮಾಂಡ್‌ಗೆ ಪ್ರೋಸೆಸ್ ನಂಬರ್ ಕೊಟ್ಟು ಕ್ಲಾಸ್ ಹಿಸ್ಟೋಗ್ರಾಮ್ ಕೇಳಿ. ಅದು ಮೊದಲು ಪೂರ್ತಿ ಜಿಸಿ ಮಾಡಿ, ನಂತರ ಯಾವ ಕ್ಲಾಸ್‌ನ ಎಷ್ಟು ಆಬ್ಜೆಕ್ಟ್ ಉಳಿದಿವೆ ಅಂತ ಪಟ್ಟಿ ಕೊಡುತ್ತದೆ. ಪಟ್ಟಿಯ ತುದಿಯಲ್ಲಿ ಬೈಟ್ ಅರೇ, ಸ್ಟ್ರಿಂಗ್ ಇವೇ ಇರುತ್ತವೆ. ಅವುಗಳನ್ನು ನೋಡುತ್ತಾ ಕೂತರೆ ದಿನ ಕಳೆಯುತ್ತದೆ, ಏನೂ ಸಿಗುವುದಿಲ್ಲ. ಕೆಳಗೆ ಹೋಗಿ ನಿಮ್ಮದೇ ಕ್ಲಾಸ್ ಹೆಸರು ಹುಡುಕಿ. ಬಿಲ್‌ವಿಂಡೋ ಮುಂದೆ 10 ಅಂತ ಇದೆಯಾ? ಲೀಕ್ ಇದೆ. ಹೆಸರೇ ಪಟ್ಟಿಯಲ್ಲಿ ಇಲ್ಲವಾ? ಬೇರೆ ವಿಂಡೋ ನೋಡಿ.

ಹತ್ತು ಸಲ ಮಾಡಿದರೂ ಒಂದೇ ಒಂದು ಉಳಿಯುತ್ತೆ. ಅದನ್ನೂ ಬೆನ್ನಟ್ಟಬೇಕಾ?

ಬೇಡ. ಕೊನೆಯದಾಗಿ ಫೋಕಸ್ ಇದ್ದ ಕಾಂಪೊನೆಂಟನ್ನು ಸ್ವಿಂಗ್ ತಾನೇ ಒಳಗೆ ನೆನಪಿಟ್ಟುಕೊಂಡಿರುವುದು ಉಂಟು. ಮುಂದಿನ ವಿಂಡೋಗೆ ಫೋಕಸ್ ಹೋದಾಗ ಹಳೆಯದು ಬಿಟ್ಟುಹೋಗುತ್ತದೆ. ಒಂದೇ ಸಲ ತೆರೆದು ಮುಚ್ಚಿ ಪರೀಕ್ಷೆ ಮಾಡಬೇಡಿ ಅನ್ನುವುದು ಇದಕ್ಕೇ. ಸಂಖ್ಯೆ ಬೆಳೆಯುತ್ತಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಯಾರು ಹಿಡಿದುಕೊಂಡಿದ್ದಾರೆ ಅಂತ ತಿಳಿಯುವುದು ಹೇಗೆ?

ಹೀಪ್ ಡಂಪ್ ತೆಗೆಯಿರಿ, ಅಂದರೆ ಆ ಹೊತ್ತಿನ ಇಡೀ ಹೀಪನ್ನು ಒಂದು ಫೈಲ್‌ಗೆ ಬರೆಸಿ. ವಿಷುವಲ್‌ವಿಎಂನಲ್ಲಿ ಬಟನ್ ಇದೆ, ಜೆಸಿಎಂಡಿಯಿಂದಲೂ ಆಗುತ್ತದೆ. ಆ ಫೈಲನ್ನು ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಲ್ಲಿ ತೆರೆಯಿರಿ, ಎಲ್ಲರೂ ಮ್ಯಾಟ್ ಅಂತ ಕರೆಯುವುದು ಇದನ್ನೇ. ತೆರೆದ ತಕ್ಷಣ ಲೀಕ್ ಸಸ್ಪೆಕ್ಟ್ಸ್ ಅಂತ ಒಂದು ವರದಿ ಕೊಡುತ್ತದೆ. ದೊಡ್ಡ ಕ್ಯಾಷ್‌ನಂಥದ್ದಕ್ಕೆ (ಮತ್ತೆ ಬೇಕಾಗಬಹುದು ಅಂತ ಎತ್ತಿಟ್ಟುಕೊಂಡ ಡೇಟಾ) ಆ ವರದಿ ಚೆನ್ನಾಗಿದೆ. ಉಳಿದುಹೋದ ವಿಂಡೋಗಳು ಒಂದೊಂದೂ ಸಣ್ಣದಾಗಿದ್ದರೆ ಅದರ ಕಣ್ಣಿಗೆ ಬೀಳುವುದೇ ಇಲ್ಲ. ನೇರ ಹಿಸ್ಟೋಗ್ರಾಮ್‌ಗೆ ಹೋಗಿ, ನಿಮ್ಮ ಕ್ಲಾಸ್ ಹೆಸರು ಹಾಕಿ, ಬಲಗಡೆ ಕ್ಲಿಕ್ ಮಾಡಿ, ಜಿಸಿ ರೂಟ್‌ಗಳವರೆಗಿನ ಹತ್ತಿರದ ದಾರಿಗಳನ್ನು ಒಟ್ಟು ಮಾಡಿ ತೋರಿಸುವ ಆಯ್ಕೆ ತೆಗೆದುಕೊಳ್ಳಿ. ಅದರೊಳಗೆ ವೀಕ್, ಸಾಫ್ಟ್, ಫ್ಯಾಂಟಮ್ ರೆಫರೆನ್ಸ್‌ಗಳನ್ನು (ಆಬ್ಜೆಕ್ಟನ್ನು ಗಟ್ಟಿಯಾಗಿ ಹಿಡಿಯದ, ಕಲೆಕ್ಟರ್ ಕಡಿದುಹಾಕಬಹುದಾದ ಕೊಂಡಿಗಳು) ಬಿಟ್ಟು ತೋರಿಸು ಅನ್ನುವ ಬಗೆಯನ್ನೇ ಆರಿಸಿ. ಇಲ್ಲದಿದ್ದರೆ ಲೀಕ್‌ಗೆ ಸಂಬಂಧವೇ ಇಲ್ಲದ ದಾರಿಗಳೂ ಬಂದು ಕೂರುತ್ತವೆ.

ನಮ್ಮ ಬಿಲ್ಲಿಂಗ್ ಪ್ರೋಗ್ರಾಂನಲ್ಲಿ ಒಂದು ವಿಂಡೋದ ದಾರಿ ಹೀಗೆ ಕಾಣುತ್ತದೆ. ಬಿಲ್‌ವಿಂಡೋವನ್ನು ಹಿಡಿದಿರುವುದು "ದಿಸ್ ಡಾಲರ್ ಸೊನ್ನೆ" ಅನ್ನುವ ಫೀಲ್ಡ್, ಅದು ಇರುವುದು "ಬಿಲ್‌ವಿಂಡೋ ಡಾಲರ್ ಒಂದು" ಅನ್ನುವ ಕ್ಲಾಸ್‌ನಲ್ಲಿ. ಅದನ್ನು ಹಿಡಿದಿರುವುದು ಒಂದು ಆಬ್ಜೆಕ್ಟ್ ಅರೇಯ 37ನೇ ಮನೆ. ಆ ಅರೇ ಒಂದು ಅರೇಲಿಸ್ಟ್‌ನದ್ದು. ಅರೇಲಿಸ್ಟ್ ಇರುವುದು ದರಪಟ್ಟಿಯ "ಲಿಸನರ್ಸ್" ಫೀಲ್ಡ್‌ನಲ್ಲಿ. ದರಪಟ್ಟಿ ಇರುವುದು ತನ್ನದೇ ಕ್ಲಾಸ್‌ನ ಸ್ಟ್ಯಾಟಿಕ್ ಫೀಲ್ಡ್‌ನಲ್ಲಿ. ಅದರಾಚೆ ಕ್ಲಾಸ್ ಲೋಡರ್ ಸಾಲುಗಳು ಬರುತ್ತವೆ, ಅವು ನಮಗೆ ಬೇಡ.

ಈಗ ಇದನ್ನು ಓದಿ. "ದಿಸ್ ಡಾಲರ್ ಸೊನ್ನೆ" ನೀವು ಬರೆದದ್ದಲ್ಲ, ಕಂಪೈಲರ್ ಹಾಕಿದ್ದು. ಒಳಗಿನ ಕ್ಲಾಸ್ ತನ್ನ ಹೊರಗಿನ ಆಬ್ಜೆಕ್ಟನ್ನು ನೆನಪಿಟ್ಟುಕೊಳ್ಳುವ ಗುಟ್ಟಿನ ಫೀಲ್ಡ್ ಅದು. "ಡಾಲರ್ ಒಂದು" ಅಂದರೆ ಆ ಕ್ಲಾಸ್‌ನೊಳಗಿನ ಮೊದಲನೇ ಹೆಸರಿಲ್ಲದ ಕ್ಲಾಸ್. ಲ್ಯಾಂಬ್ಡಾ (ಹೆಸರಿಲ್ಲದ ಚಿಕ್ಕ ಫಂಕ್ಷನ್) ಆಗಿದ್ದರೆ ಇದೇ ಜಾಗದಲ್ಲಿ "ಆರ್ಗ್ ಡಾಲರ್ ಒಂದು" ಅಂತ ಕಾಣುತ್ತದೆ. ಅಂದರೆ ಬಿಲ್‌ವಿಂಡೋದೊಳಗೆ ಎಲ್ಲೋ ಒಂದು ಲಿಸನರ್ ಬರೆದು ದರಪಟ್ಟಿಗೆ ಸೇರಿಸಿದ್ದೀರಿ, ತೆಗೆದಿಲ್ಲ. ಕೊಂಡಿ ಬಿಡಿಸಬೇಕಾದ ಜಾಗ ಇಡೀ ದಾರಿಯಲ್ಲಿ ಒಂದೇ, ಅರೇಯ 37ನೇ ಮನೆ. ಉಳಿದ ಕೊಂಡಿಗಳೆಲ್ಲ ಇರಬೇಕಾದವೇ. ದಾರಿಯ ಒಂದೊಂದು ಸಾಲಿಗೂ "ಈ ಹೊತ್ತಿನಲ್ಲಿ ಈ ರೆಫರೆನ್ಸ್ ಇರಬೇಕಿತ್ತಾ?" ಅಂತ ಕೇಳಿಕೊಂಡು ಹೋಗಿ, ಇಲ್ಲ ಅನ್ನಿಸಿದ ಮೊದಲ ಸಾಲಲ್ಲಿ ನಿಲ್ಲಿ.

ಅಂದಹಾಗೆ, ಹೊರಗಿನ ಆಬ್ಜೆಕ್ಟನ್ನು ಬಳಸದೇ ಇರುವ ಒಳಗಿನ ಕ್ಲಾಸ್‌ಗೆ ಆ ಗುಟ್ಟಿನ ಫೀಲ್ಡ್ ಹಾಕುವುದನ್ನು ಜೆಡಿಕೆ 18ರ ಕಂಪೈಲರ್ ಬಿಟ್ಟಿದೆ. ಹಾಗಾಗಿ ಹಳೇ ಜೆಡಿಕೆಯಲ್ಲಿದ್ದ ಕೆಲವು ಲೀಕ್‌ಗಳು ಹೊಸದರಲ್ಲಿ ತಾವಾಗೇ ಮಾಯ ಆಗಬಹುದು.

ಶ್ಯಾಲೋ ಹೀಪ್, ರಿಟೇನ್ಡ್ ಹೀಪ್ ಎರಡೂ ಇವೆ. ಯಾವುದು ನೋಡಲಿ?

ರಿಟೇನ್ಡ್. ಶ್ಯಾಲೋ ಅಂದರೆ ಆ ಆಬ್ಜೆಕ್ಟ್ ಒಂದರದ್ದೇ ಅಳತೆ, ವಿಂಡೋಗೂ ಅದು ಕೆಲವು ನೂರು ಬೈಟ್ ಅಷ್ಟೇ. ಆ ಆಬ್ಜೆಕ್ಟ್ ಹೋದರೆ ಜೊತೆಗೆ ಒಟ್ಟು ಎಷ್ಟು ಜಾಗ ಖಾಲಿಯಾಗುತ್ತದೆ ಅನ್ನುವುದು ರಿಟೇನ್ಡ್.

ಹಾಗಾದರೆ ಸೇರಿಸಿದ ಎಲ್ಲ ಲಿಸನರ್‌ಗಳನ್ನೂ ತೆಗೆಯಲೇಬೇಕಾ? ಬಟನ್‌ಗೆ ಹಾಕಿದ್ದನ್ನೂ?

ಇಲ್ಲ, ಈ ಭಯ ತುಂಬಾ ಜನಕ್ಕೆ ಇದೆ. ಲಿಸನರ್ ಸೇರಿಸಿದಾಗ ರೆಫರೆನ್ಸ್ ಹೋಗುವುದು ಸುದ್ದಿ ಕೊಡುವವನಿಂದ ಕೇಳುವವನ ಕಡೆಗೆ. ಬಟನ್ ಲಿಸನರನ್ನು ಹಿಡಿದಿರುತ್ತದೆ, ಲಿಸನರ್ ವಿಂಡೋವನ್ನು, ವಿಂಡೋ ಬಟನ್ನನ್ನು. ಸುತ್ತು ಆಯಿತು, ಆದರೆ ಜಾವಾದ ಕಲೆಕ್ಟರ್‌ಗೆ ಸುತ್ತುಗಳಿಂದ ತೊಂದರೆ ಇಲ್ಲ. ಹೊರಗಿನಿಂದ ಯಾರೂ ಹಿಡಿದಿಲ್ಲದಿದ್ದರೆ ಇಡೀ ಗುಂಪು ಒಟ್ಟಿಗೇ ಹೋಗುತ್ತದೆ.

ಸುದ್ದಿ ಕೊಡುವವನ ಆಯಸ್ಸು ಕೇಳುವವನಿಗಿಂತ ಜಾಸ್ತಿ ಇದ್ದಾಗ ಮಾತ್ರ ಅಪಾಯ. ದರಪಟ್ಟಿ ಪ್ರೋಗ್ರಾಂ ಇರುವವರೆಗೂ ಇರುತ್ತದೆ, ಬಿಲ್‌ವಿಂಡೋ ಐದು ನಿಮಿಷ. ಅಲ್ಲಿ ತೆಗೆಯಲೇಬೇಕು. ಕೋಡ್ ಓದುವಾಗ "ಆಡ್" ಅಂತ ಶುರುವಾಗಿ "ಲಿಸನರ್" ಅಂತ ಮುಗಿಯುವ ಪ್ರತಿ ಕರೆಯಲ್ಲೂ ಚುಕ್ಕೆಯ ಎಡಗಡೆ ಇರುವ ಆಬ್ಜೆಕ್ಟ್ ಎಷ್ಟು ದಿನ ಬದುಕುತ್ತದೆ ಅಂತ ಕೇಳಿಕೊಳ್ಳಿ. ಯಾವ ಟೂಲ್ ತೆರೆಯುವ ಮೊದಲೂ ಇದನ್ನು ಮಾಡಬಹುದು, ಮತ್ತು ನನ್ನ ಅನುಭವದಲ್ಲಿ ಹೆಚ್ಚಿನ ಲೀಕ್‌ಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಲಿಸನರ್ ತೆಗೆಯುವ ಕೋಡ್ ಇದೆ, ಅದು ಓಡುತ್ತಲೂ ಇದೆ, ಆದರೂ ಲೀಕ್ ಇದೆ. ಯಾಕೆ?

ಸೇರಿಸುವಾಗ "ದಿಸ್" ಮುಂದೆ ಎರಡು ಕೋಲನ್ ಹಾಕಿ ಮೆಥಡ್ ಹೆಸರು ಕೊಟ್ಟಿದ್ದೀರಾ? ತೆಗೆಯುವಾಗಲೂ ಅದನ್ನೇ ಬರೆದಿದ್ದೀರಾ? ಹಾಗಿದ್ದರೆ ಅದೇ ಕಾರಣ. ನೋಡೋಕೆ ಎರಡೂ ಒಂದೇ, ಆದರೆ ಜಾವಾದಲ್ಲಿ ಆ ಎರಡು ಜಾಗಗಳಲ್ಲಿ ಎರಡು ಬೇರೆ ಆಬ್ಜೆಕ್ಟ್‌ಗಳು ಹುಟ್ಟುತ್ತವೆ. ಪಟ್ಟಿಯಲ್ಲಿ ಎರಡನೆಯದನ್ನು ಹುಡುಕಿದರೆ ಸಿಗುವುದಿಲ್ಲ. ಸಿಗಲಿಲ್ಲ ಅಂತ ಎರರ್ ಕೂಡ ಬರುವುದಿಲ್ಲ, ಕರೆ ಸುಮ್ಮನೆ ಮುಗಿಯುತ್ತದೆ. ಲ್ಯಾಂಬ್ಡಾಗೂ ಇದೇ ಕಥೆ. ಲಿಸನರನ್ನು ಒಮ್ಮೆ ಒಂದು ಫೈನಲ್ ಫೀಲ್ಡ್‌ನಲ್ಲಿ ಇಟ್ಟುಕೊಳ್ಳಿ, ಸೇರಿಸುವಾಗಲೂ ತೆಗೆಯುವಾಗಲೂ ಆ ಫೀಲ್ಡನ್ನೇ ಕೊಡಿ.

ಜಾವಾಸ್ಕ್ರಿಪ್ಟ್‌ನಲ್ಲಿ ಬೈಂಡ್ ಮಾಡಿ ಕೊಟ್ಟ ಫಂಕ್ಷನ್‌ಗೂ ಹೀಗೇ ಆಗುತ್ತದೆ. ಸಿ ಶಾರ್ಪ್‌ನಲ್ಲಿ ಸ್ವಲ್ಪ ಬೇರೆ. ಅಲ್ಲಿ ಡೆಲಿಗೇಟ್‌ಗಳನ್ನು ಹೋಲಿಸುವಾಗ ಆಬ್ಜೆಕ್ಟ್ ಮತ್ತು ಮೆಥಡ್ ಎರಡನ್ನೂ ನೋಡುವುದರಿಂದ ಮೆಥಡ್ ಹೆಸರು ಕೊಟ್ಟು ತೆಗೆದರೆ ಸರಿಯಾಗಿ ಹೋಗುತ್ತದೆ. ಅಲ್ಲಿಯೂ ಸ್ಥಳದಲ್ಲೇ ಬರೆದ ಲ್ಯಾಂಬ್ಡಾ ಮಾತ್ರ ಹೋಗುವುದಿಲ್ಲ.

ಸೇರಿಸುವುದು, ತೆಗೆಯುವುದು ಎರಡನ್ನೂ ಎಲ್ಲಿ ಬರೆಯುವುದು ಒಳ್ಳೆಯದು?

ಕನ್‌ಸ್ಟ್ರಕ್ಟರ್‌ನಲ್ಲಿ ಸೇರಿಸಿ, ಬೇರೆಲ್ಲೋ ತೆಗೆಯುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಮುಚ್ಚುವ ದಾರಿಗಳು ಹಲವು ಇರುತ್ತವೆ: ಮೂಲೆಯ ಗುರುತು, ಎಸ್ಕೇಪ್ ಕೀ, "ಸೇವ್ ಮಾಡಿ ಮುಚ್ಚು" ಬಟನ್. ಒಂದರಲ್ಲಿ ಮರೆತರೂ ಮುಗಿಯಿತು. ಸ್ವಿಂಗ್‌ನಲ್ಲಿ ಇದಕ್ಕೆ ಹೇಳಿ ಮಾಡಿಸಿದ ಜೋಡಿ ಆಡ್‌ನೋಟಿಫೈ ಮತ್ತು ರಿಮೂವ್‌ನೋಟಿಫೈ. ಕಾಂಪೊನೆಂಟ್ ಪರದೆಗೆ ಬರಲು ತಯಾರಾದಾಗ ಮೊದಲನೆಯದು, ತೆಗೆದುಹಾಕಿದಾಗ ಅಥವಾ ವಿಂಡೋ ಡಿಸ್ಪೋಸ್ (ಪೂರ್ತಿ ಕಿತ್ತುಹಾಕುವುದು) ಆದಾಗ ಎರಡನೆಯದು ಓಡುತ್ತದೆ, ಯಾವ ದಾರಿಯಲ್ಲಿ ಮುಚ್ಚಿದರೂ. ಎರಡರಲ್ಲೂ ಸೂಪರ್ ಕರೆಯಲು ಮರೆಯಬೇಡಿ. ಪ್ಯಾನೆಲನ್ನು ಒಂದು ಟ್ಯಾಬ್‌ನಿಂದ ಇನ್ನೊಂದಕ್ಕೆ ಎತ್ತಿ ಹಾಕಿದರೂ ಲೆಕ್ಕ ತಪ್ಪುವುದಿಲ್ಲ.

ಡಿಸ್ಪೋಸ್ ಅಂದಿರಿ. ಮೂಲೆಯ ಗುರುತು ಒತ್ತಿದರೆ ಅದು ತಾನಾಗೇ ಆಗಲ್ವಾ?

ಆಗಲ್ಲ! ಜೆಫ್ರೇಮ್, ಜೆಡೈಲಾಗ್ ಎರಡರಲ್ಲೂ ಡೀಫಾಲ್ಟ್ ಅಂದರೆ ಬರೀ ಬಚ್ಚಿಡುವುದು. ವಿಂಡೋ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ಆಪರೇಟಿಂಗ್ ಸಿಸ್ಟಂ ಕಡೆಯ ಅದರ ಭಾಗ ಹಾಗೇ ಇರುತ್ತದೆ, ವಿಂಡೋವೂ ಉಳಿಯುತ್ತದೆ. ಮುಚ್ಚಿದಾಗ ಡಿಸ್ಪೋಸ್ ಆಗಲಿ ಅಂತ ನೀವೇ ಹೇಳಬೇಕು. ಕ್ಯೂಟಿಯಲ್ಲೂ ಕ್ಲೋಸ್ ಅಂದರೆ ಬಚ್ಚಿಡುವುದೇ, ಡಿಲೀಟ್ ಆನ್ ಕ್ಲೋಸ್ ಗುಣ ಹಾಕಿದರೆ ಮಾತ್ರ ಅಳಿಯುತ್ತದೆ.

ಟೈಮರ್‌ಗಳಿಂದಲೂ ಲೀಕ್ ಆಗುತ್ತಾ?

ಖಂಡಿತ. ಓಡುತ್ತಿರುವ ಸ್ವಿಂಗ್ ಟೈಮರನ್ನು ಎಲ್ಲ ಟೈಮರ್‌ಗಳಿಗೂ ಸೇರಿದ ಒಂದು ಒಳಗಿನ ಸರದಿ ಹಿಡಿದಿರುತ್ತದೆ. ಟೈಮರ್ ತನ್ನ ಲಿಸನರನ್ನು, ಲಿಸನರ್ ವಿಂಡೋವನ್ನು ಹಿಡಿದಿರುತ್ತದೆ. ಸ್ಟಾಪ್ ಮಾಡುವವರೆಗೂ ಬಿಡುಗಡೆ ಇಲ್ಲ. ಗಡಿಯಾರ ತೋರಿಸುವ ಲೇಬಲ್, ಮಿಣುಕುವ ಎಚ್ಚರಿಕೆ, ತಾನಾಗಿ ಸೇವ್ ಆಗುವ ವ್ಯವಸ್ಥೆ, ಇವುಗಳ ಟೈಮರ್ ಎಲ್ಲಿ ನಿಲ್ಲುತ್ತದೆ ಅಂತ ನೋಡಿ. ಹಿನ್ನೆಲೆಯ ಥ್ರೆಡ್‌ಗಳೂ ಅಷ್ಟೇ: ಸರ್ವರ್‌ನಿಂದ ಉತ್ತರಕ್ಕೆ ಕಾಯುತ್ತಿರುವ ಸ್ವಿಂಗ್‌ವರ್ಕರ್ ವಿಂಡೋದ ಒಳಗಿನ ಕ್ಲಾಸ್ ಆಗಿದ್ದರೆ ಉತ್ತರ ಬರುವವರೆಗೂ ವಿಂಡೋ ಉಳಿಯುತ್ತದೆ, ಟೈಮ್‌ಔಟ್ ಇಲ್ಲದಿದ್ದರೆ ಉತ್ತರ ಬರುವವರೆಗೆ ಅನ್ನುವುದಕ್ಕೆ ಕೊನೆಯೇ ಇರದೆ ಹೋಗಬಹುದು.

ಎಲ್ಲ ಕಡೆ ವೀಕ್‌ರೆಫರೆನ್ಸ್ ಹಾಕಿಬಿಟ್ಟರೆ ಮುಗೀತಲ್ವಾ?

ದಯವಿಟ್ಟು ಬೇಡ. ಇದರಲ್ಲಿ ಎರಡು ಗುಂಡಿಗಳಿವೆ. ಮೊದಲನೆಯದು: ದರಪಟ್ಟಿ ಲಿಸನರ್‌ಗಳನ್ನು ವೀಕ್ ಆಗಿ ಹಿಡಿಯುತ್ತದೆ, ನೀವು ಸ್ಥಳದಲ್ಲೇ ಬರೆದ ಲ್ಯಾಂಬ್ಡಾ ಕೊಡುತ್ತೀರಿ. ಅದನ್ನು ಬೇರೆ ಯಾರೂ ಹಿಡಿದಿಲ್ಲ. ಮುಂದಿನ ಜಿಸಿಯಲ್ಲಿ ಅದು ಹೋಗುತ್ತದೆ, ವಿಂಡೋ ತೆರೆದೇ ಇದ್ದರೂ ಬೆಲೆ ಬದಲಾದ ಸುದ್ದಿ ಬರುವುದು ನಿಲ್ಲುತ್ತದೆ. ಟೆಸ್ಟ್ ಮಾಡುವಾಗ ಸರಿ ಇರುತ್ತದೆ, ಅಂಗಡಿಯಲ್ಲಿ ಅರ್ಧ ಗಂಟೆ ಆದಮೇಲೆ ಹಳೇ ಬೆಲೆಯಲ್ಲಿ ಬಿಲ್ ಆಗುತ್ತದೆ. ಲೀಕ್‌ಗಿಂತ ಇದು ಎಷ್ಟೋ ಕೆಟ್ಟದ್ದು. ಜಾವಾಎಫ್‌ಎಕ್ಸ್‌ನ ವೀಕ್‌ಚೇಂಜ್‌ಲಿಸನರ್ ಬಳಸುವಾಗಲೂ ನಿಜವಾದ ಲಿಸನರನ್ನು ಫೀಲ್ಡ್‌ನಲ್ಲಿ ಇಟ್ಟುಕೊಳ್ಳಬೇಕು ಅನ್ನುವುದು ಇದಕ್ಕೇ.

ಎರಡನೆಯದು ವೀಕ್‌ಹ್ಯಾಶ್‌ಮ್ಯಾಪ್. ಅಲ್ಲಿ ಕೀ ಮಾತ್ರ ವೀಕ್, ವ್ಯಾಲ್ಯೂ ಗಟ್ಟಿ. ವ್ಯಾಲ್ಯೂ ಒಳಗಿಂದ ಎಲ್ಲಾದರೂ ಕೀ ಕಡೆಗೆ ರೆಫರೆನ್ಸ್ ಇದ್ದರೆ ಆ ಎಂಟ್ರಿ ಎಂದೂ ಹೋಗುವುದಿಲ್ಲ. ವಿಂಡೋ ಕೀ, ಅದರ ಪ್ಯಾನೆಲ್ ವ್ಯಾಲ್ಯೂ ಅಂತ ಇಟ್ಟರೆ ಆಗುವುದು ಇದೇ.

ಮುಚ್ಚುವ ಹೊತ್ತು ನಿಮ್ಮ ಕೈಯಲ್ಲಿ ಇಲ್ಲದಿರುವಾಗ, ಉದಾಹರಣೆಗೆ ಬೇರೆಯವರು ಬಳಸುವ ಲೈಬ್ರರಿ ಬರೆಯುವಾಗ, ವೀಕ್‌ಗೆ ಜಾಗ ಇದೆ. ನಿಮ್ಮದೇ ವಿಂಡೋಗೆ ನೇರವಾಗಿ ತೆಗೆಯಿರಿ.

ಮುಚ್ಚುವಾಗ ಎಲ್ಲ ಫೀಲ್ಡ್‌ಗೂ ನಲ್ ಹಾಕಿದರೆ?

ಲೀಕ್ ಸಣ್ಣದಾಗುತ್ತದೆ, ಹೋಗುವುದಿಲ್ಲ. ಜೊತೆಗೆ ಉಳಿದ ಲಿಸನರ್ ಓಡಿದಾಗ ನಲ್ ಪಾಯಿಂಟರ್ ಎರರ್ ಬರುತ್ತದೆ.

ಲಿಸನರ್, ಟೈಮರ್ ಎಲ್ಲ ಸರಿ ಇದೆ. ಇನ್ನೆಲ್ಲಿ ನೋಡಲಿ?

ಮಿತಿ ಇಲ್ಲದ ಕ್ಯಾಷ್. "ಇತ್ತೀಚೆಗೆ ತೆರೆದವು" ಪಟ್ಟಿಯಲ್ಲಿ ಬಿಲ್ ನಂಬರ್ ಬದಲು ವಿಂಡೋವನ್ನೇ ಇಟ್ಟಿರುವುದು. ಹಂಚಿಕೊಂಡ ಅಂಡೂ ಮ್ಯಾನೇಜರ್: ಸ್ವಿಂಗ್‌ನದ್ದು ಡೀಫಾಲ್ಟ್ ಆಗಿ 100 ಎಡಿಟ್‌ಗಳನ್ನು ಇಟ್ಟುಕೊಳ್ಳುತ್ತದೆ, ಪ್ರತಿ ಎಡಿಟ್ ತನ್ನ ಡಾಕ್ಯುಮೆಂಟನ್ನು ಹಿಡಿದಿರುತ್ತದೆ. ಎಲ್ಲ ವಿಂಡೋಗಳ ಟೇಬಲ್‌ಗೂ ಒಂದೇ ಡೇಟಾ ಮಾಡೆಲ್ ಕೊಟ್ಟಿದ್ದರೆ ಅದನ್ನೂ ನೋಡಿ. ಮಾಡೆಲ್ ಹಂಚಿಕೊಂಡಾಗ ಜೆಟೇಬಲ್ ತಾನೇ ಅದಕ್ಕೆ ಲಿಸನರ್ ಆಗಿ ಸೇರಿಕೊಳ್ಳುತ್ತದೆ, ನೀವು ಒಂದು ಸಾಲೂ ಬರೆದಿರುವುದಿಲ್ಲ. ಮುಚ್ಚುವಾಗ ಟೇಬಲ್‌ಗೆ ಒಂದು ಖಾಲಿ ಮಾಡೆಲ್ ಕೊಟ್ಟರೆ ಹಳೆಯದರಿಂದ ಬಿಡಿಸಿಕೊಳ್ಳುತ್ತದೆ.

ಆಂಡ್ರಾಯ್ಡ್‌ನಲ್ಲಿ?

ಅಲ್ಲಿ ಇನ್ನೂ ಬೇಗ ಕಾಣುತ್ತದೆ. ಫೋನ್ ತಿರುಗಿಸಿದರೆ ಸಾಕು, ಹಳೇ ಆಕ್ಟಿವಿಟಿ (ಆಪ್‌ನ ಒಂದು ಪರದೆ) ನಾಶವಾಗಿ ಹೊಸದು ಹುಟ್ಟುತ್ತದೆ. ಹತ್ತು ನಿಮಿಷ ಬಿಟ್ಟು ಓಡಲಿ ಅಂತ ಹ್ಯಾಂಡ್ಲರ್‌ಗೆ ಕೊಟ್ಟ ಕೆಲಸ ಆಕ್ಟಿವಿಟಿಯನ್ನು ಹಿಡಿದಿದ್ದರೆ ಹತ್ತು ನಿಮಿಷ ಅದಕ್ಕೆ ಸಾವಿಲ್ಲ. ಸ್ಕ್ವೇರ್ ಕಂಪನಿ 2015ರಲ್ಲಿ ಹೊರತಂದ ಲೀಕ್‌ಕ್ಯಾನರಿಯನ್ನು ಡೀಬಗ್ ಬಿಲ್ಡ್‌ಗೆ ಸೇರಿಸಿಕೊಳ್ಳಿ, ಎರಡನೇ ಆವೃತ್ತಿಗೆ ಒಂದು ಡಿಪೆಂಡೆನ್ಸಿ ಸಾಲು ಬಿಟ್ಟರೆ ಕೋಡ್ ಬೇಡ. ನಾಶವಾದ ಆಕ್ಟಿವಿಟಿ, ಫ್ರಾಗ್ಮೆಂಟ್‌ಗಳನ್ನು (ಪರದೆಯ ಭಾಗಗಳು) ವೀಕ್ ಆಗಿ ಹಿಡಿದು, 5 ಸೆಕೆಂಡ್ ಕಾದು, ಆಮೇಲೂ ಹೋಗದಿದ್ದರೆ ಉಳಿದಿವೆ ಅಂತ ಎಣಿಸುತ್ತದೆ. ಆಪ್ ಕಣ್ಣ ಮುಂದೆ ಇರುವಾಗ ಅಂಥವು 5 ಆಗುವವರೆಗೆ ಡಂಪ್ ತೆಗೆಯುವುದಿಲ್ಲ. ದಾರಿಯನ್ನೂ ತಾನೇ ಬಿಡಿಸಿ ತೋರಿಸುತ್ತದೆ.

ನಲ್ ಹಾಕುವುದು ನಿಜವಾಗಿ ಸರಿಯಾದ ಮದ್ದು ಆಗುವ ಒಂದು ಜಾಗ ಇಲ್ಲಿದೆ. ಬ್ಯಾಕ್ ಸ್ಟ್ಯಾಕ್‌ಗೆ ಹೋದ ಫ್ರಾಗ್ಮೆಂಟ್ ಬದುಕಿರುತ್ತದೆ, ಅದರ ವ್ಯೂ ನಾಶವಾಗಿರುತ್ತದೆ. ವ್ಯೂ ಬೈಂಡಿಂಗ್ ಫೀಲ್ಡ್ ಆ ಸತ್ತ ವ್ಯೂಗಳನ್ನು ಹಿಡಿದಿರುತ್ತದೆ. ಆನ್‌ಡಿಸ್ಟ್ರಾಯ್‌ವ್ಯೂನಲ್ಲಿ ಅದಕ್ಕೆ ನಲ್ ಹಾಕಿ.

ಡಬ್ಲ್ಯೂಪಿಎಫ್, ಪೈಕ್ಯೂಟಿ, ಸ್ವಿಫ್ಟ್?

ಡಬ್ಲ್ಯೂಪಿಎಫ್‌ನಲ್ಲಿ ಓಡುತ್ತಿರುವ ಡಿಸ್ಪ್ಯಾಚರ್‌ಟೈಮರ್ ಮತ್ತು ಸ್ಟ್ಯಾಟಿಕ್ ಇವೆಂಟ್‌ಗಳು ಮೊದಲ ಅನುಮಾನ. ವೀಕ್‌ಇವೆಂಟ್‌ಮ್ಯಾನೇಜರ್ ಅಲ್ಲಿ ಇದೆ, ಬಳಸಲು ಸುಲಭವಾದ ಜೆನೆರಿಕ್ ರೂಪ ಡಾಟ್‌ನೆಟ್ 4.5ರಲ್ಲಿ ಬಂತು. ಪೈಕ್ಯೂಟಿಯಲ್ಲಿ ಹೆಚ್ಚು ದಿನ ಬದುಕುವ ಆಬ್ಜೆಕ್ಟ್‌ನ ಸಿಗ್ನಲ್‌ಗೆ "ಸೆಲ್ಫ್" ಬಳಸುವ ಲ್ಯಾಂಬ್ಡಾ ಜೋಡಿಸಿದರೆ ಲ್ಯಾಂಬ್ಡಾ ಜೊತೆ ಸೆಲ್ಫ್ ಕೂಡ ಉಳಿಯುತ್ತದೆ. ಮೆಥಡನ್ನೇ ಜೋಡಿಸಿದರೆ ಆ ತೊಂದರೆ ಇಲ್ಲ. ಸ್ವಿಫ್ಟ್‌ನಲ್ಲಿ ರೆಫರೆನ್ಸ್ ಎಣಿಕೆ ನಡೆಯುವುದರಿಂದ ಮೇಲೆ ಹೇಳಿದ ಸುತ್ತೇ ಲೀಕ್ ಆಗುತ್ತದೆ. ಕ್ಲೋಷರ್‌ನಲ್ಲಿ ಸೆಲ್ಫನ್ನು ವೀಕ್ ಆಗಿ ಹಿಡಿಯುವುದು ಅಲ್ಲಿ ದಿನನಿತ್ಯದ ಕೆಲಸ.

ಒಮ್ಮೆ ಸರಿಮಾಡಿದ್ದು ಮತ್ತೆ ಕೆಡದ ಹಾಗೆ ಟೆಸ್ಟ್ ಬರೆಯಬಹುದಾ?

ಬರೆಯಬಹುದು, ಬರೆಯಲೇಬೇಕು. ವಿಂಡೋ ತೆರೆಯಿರಿ, ಅದಕ್ಕೊಂದು ವೀಕ್‌ರೆಫರೆನ್ಸ್ ಮಾಡಿಕೊಳ್ಳಿ, ಡಿಸ್ಪೋಸ್ ಮಾಡಿ, ನಿಮ್ಮ ವೇರಿಯೇಬಲ್‌ಗೆ ನಲ್ ಹಾಕಿ. ಇವೆಂಟ್ ಸರದಿಯಲ್ಲಿ ಬಾಕಿ ಇದ್ದವು ಮುಗಿಯಲಿ ಅಂತ ಖಾಲಿ ಕೆಲಸವೊಂದನ್ನು ಇನ್‌ವೋಕ್‌ಆಂಡ್‌ವೇಟ್‌ಗೆ ಕೊಡಿ. ಆಮೇಲೆ ಜಿಸಿ ಕೇಳುವುದು, ಸ್ವಲ್ಪ ಕಾಯುವುದು, ರೆಫರೆನ್ಸ್ ಖಾಲಿಯಾಯಿತಾ ನೋಡುವುದು, ಇಷ್ಟನ್ನು ಲೂಪ್‌ನಲ್ಲಿ ಕೆಲವು ಸೆಕೆಂಡ್ ಮಾಡಿ. ಜಿಸಿ ಕರೆ ಬರೀ ವಿನಂತಿ ಆದ್ದರಿಂದ ಒಂದೇ ಸಲ ಕರೆದು ತೀರ್ಪು ಕೊಡಬೇಡಿ. ಕೊನೆಯ ವಿಂಡೋವನ್ನು ಸ್ವಿಂಗ್ ಹಿಡಿದಿರಬಹುದು ಅಂತ ಮೇಲೆ ಹೇಳಿದೆನಲ್ಲ, ಹಾಗಾಗಿ ಐದಾರು ವಿಂಡೋ ತೆರೆದು ಮುಚ್ಚಿ ಒಂದು ಉಳಿದರೆ ಪರವಾಗಿಲ್ಲ ಅಂತ ಇಟ್ಟುಕೊಳ್ಳಿ.

ಗಿರಾಕಿಯ ಮಷೀನ್‌ನಲ್ಲಿ ಮಾತ್ರ ಬೀಳುತ್ತೆ. ಅಲ್ಲಿಂದ ಡಂಪ್ ತರಿಸಿಕೊಳ್ಳಬಹುದಾ?

ಔಟ್ ಆಫ್ ಮೆಮೊರಿ ಆದಾಗ ತಾನಾಗೇ ಡಂಪ್ ಬರೆಯುವ ಆಯ್ಕೆ ಜೆವಿಎಂನಲ್ಲಿದೆ, ಪ್ರೋಗ್ರಾಂ ಶುರು ಮಾಡುವ ಸಾಲಿಗೆ ಸೇರಿಸಿ ಕಳಿಸಿ. ಹೀಪ್ ಎಷ್ಟು ತುಂಬಿದೆಯೋ ಹೆಚ್ಚುಕಡಿಮೆ ಅಷ್ಟು ದೊಡ್ಡ ಫೈಲ್ ಆಗುತ್ತದೆ, ಡಿಸ್ಕ್‌ನಲ್ಲಿ ಜಾಗ ಇದೆಯಾ ಮೊದಲೇ ಕೇಳಿ. ಆ ಫೈಲನ್ನು ಮೇಲ್‌ಗೆ ಅಂಟಿಸಿ ಎಲ್ಲರಿಗೂ ಕಳಿಸಬೇಡಿ. ಆ ಹೊತ್ತಿಗೆ ಮೆಮೊರಿಯಲ್ಲಿದ್ದ ಪ್ರತಿ ಸ್ಟ್ರಿಂಗ್ ಅದರಲ್ಲಿ ಓದಲು ಸಿಗುತ್ತದೆ: ಗಿರಾಕಿಗಳ ಹೆಸರು, ಫೋನ್ ನಂಬರ್, ಡೇಟಾಬೇಸ್ ಪಾಸ್‌ವರ್ಡ್. ಅನುಮತಿ ಕೇಳಿ, ಎನ್‌ಕ್ರಿಪ್ಟ್ ಮಾಡಿ ತರಿಸಿಕೊಳ್ಳಿ, ಕೆಲಸ ಮುಗಿದ ಮೇಲೆ ಅಳಿಸಿ. ತರಿಸುವುದು ಆಗದಿದ್ದರೆ ಕ್ಲಾಸ್ ಹಿಸ್ಟೋಗ್ರಾಮ್ ಮಾತ್ರ ಕೇಳಿ. ಅದರಲ್ಲಿ ಕ್ಲಾಸ್ ಹೆಸರು ಮತ್ತು ಅಂಕಿಗಳು ಬಿಟ್ಟರೆ ಬೇರೇನೂ ಇರುವುದಿಲ್ಲ, ಯಾವ ವಿಂಡೋ ಉಳಿಯುತ್ತಿದೆ ಅಂತ ತಿಳಿಯಲು ಅಷ್ಟು ಸಾಕು, ದಾರಿಯನ್ನು ನಿಮ್ಮ ಮಷೀನ್‌ನಲ್ಲೇ ಹುಡುಕಬಹುದು.